ಮನೆಯಲ್ಲಿ ಕುಳಿತು ಹಾಕಿದ ಸಹಿ

ಸಕ್ರವ್ವನ ಓಣಿಗೆ ನಲ್ಲಿ ಇರಲಿಲ್ಲ. ಟಿಕೋಟಾ ಕಡೆಯ ಆ ಊರಿನಲ್ಲಿ ನೀರಿನ ಪೈಪು ದ್ರಾಕ್ಷಿ ತೋಟದ ಯಲಗೂರಪ್ಪ ಸಾಹುಕಾರರ ಗೇಟಿನವರೆಗೆ ಬಂದು ನಿಂತಿತ್ತು. ಸಾಹುಕಾರರ ಅಂಗಳದಲ್ಲಿ ಕಾರು ತೊಳೆಯುವಷ್ಟು ನೀರು. ಅದರಾಚೆಯ ಕುರಿಗಾರರ ಮನೆಗಳಿಗೆ ಕುಡಿಯಲೂ ಇಲ್ಲ. ಸಕ್ರವ್ವನ ಮಗಳು ಗೀತಾಂಜಲಿ ಎಂಟನೆಯ ತರಗತಿಯ ಹುಡುಗಿ. ವಾರಕ್ಕೆ ಮೂರು ದಿನ ಶಾಲೆ ಬಿಟ್ಟು ಕೊಡ ಹೊರುತ್ತಿದ್ದಳು. ಹೀಗೇ ಆದರೆ ಹುಡುಗಿಯ ಓದು ಮುಗಿದಂತೆಯೇ ಎಂದು ಮೇಷ್ಟ್ರು ಹೇಳಿ ಕಳಿಸಿದ್ದರು.

ಅಂದು ಬೆಳಿಗ್ಗೆ ಪಂಚಾಯಿತಿಯ ಜವಾನ ಗ್ರಾಮಸಭೆಯ ಹಾಜರಿ ಪುಸ್ತಕ ಹಿಡಿದು ಬಾಗಿಲಿಗೆ ಬಂದ. ಪ್ರತಿ ವರ್ಷವೂ ಬರುತ್ತಿದ್ದ. ಸಕ್ರವ್ವನಿಗೆ ಅದೊಂದು ಹೆಮ್ಮೆ. ಮಹಿಳಾ ಸಂಘದಲ್ಲಿ ಸಹಿ ಕಲಿತ ಮೇಲೆ ಅವಳು ಹೆಬ್ಬೆಟ್ಟು ಒತ್ತಿದವಳೇ ಅಲ್ಲ. ಸೆರಗಿಗೆ ಕೈ ಒರೆಸಿಕೊಂಡು ಪೆನ್ನು ಹಿಡಿದಳು.

ಸಂಘದ ಪುಸ್ತಕ ಬರೆಯುವ ಸುಮಂಗಲಾ ಅದೇ ಹೊತ್ತಿಗೆ ಬಂದಳು.

"ಸಕ್ರವ್ವಕ್ಕ, ಯಾತಕ್ಕ ಸಹಿ ಮಾಡಾಕತ್ತಿ?"

"ಗ್ರಾಮಸಭಾಕ್ಕ ಬೇ."

"ಸಭಾ ನಾಳಿಗಿ ಐತಿ. ಹ್ವಾದ ವರ್ಷರ ಹೋಗಿದ್ದೇನು?"

"ನಾ ಯಾಕ ಹೋಗ್ಲಿ? ಸಹಿ ಮಾಡಿದ್ರ ಮುಗೀತಲ್ಲ. ಕುರ್ಚಿ ಮ್ಯಾಲ ಕುಂಡ್ರೋರು ಹೋಗ್ತಾರ."

"ಮುಗಿಯೂದಿಲ್ಲಕ್ಕ. ಹ್ವಾದ ವರ್ಷದ ಸಭಾದ ಠರಾವು ನಾ ಅರ್ಜಿ ಕೊಟ್ಟು ನಕಲು ತಗೊಂಡು ಓದೇನಿ. ಪೈಪು ಸಾವ್ಕಾರ್ರ ಗೇಟಿನ ತನಕ ಸಾಕು, ಎಲ್ಲಾರೂ ಒಪ್ಯಾರ ಅಂತ ಬರದೈತಿ. ಕೆಳಗ ನಿನ್ನ ಸಹಿ!"

 ಸಕ್ರವ್ವ ತನ್ನ ಕೈಯಾರೆ ಮಗಳ ತಲೆಯ ಮೇಲೆ ಕೊಡ ಹೊರಿಸಿದ್ದಳು. ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಸಹಿ ಹಾಕದೆ ಪುಸ್ತಕ ಮುಚ್ಚಿ ಜವಾನನ ಕೈಗಿಟ್ಟಳು.

"ನಾಳಿ ಅಲ್ಲೇ ಬಂದು ಮಾಡ್ತೀನೋ ಯಪ್ಪಾ."

ಅಲ್ಲೇ ನಿಂತಿದ್ದ ಗಂಡ ಸಿದ್ದರಾಯನಿಗೆ ಇದು ಹಿಡಿಸಲಿಲ್ಲ. "ಸಾವ್ಕಾರ್ರ ಹೊಲದಾಗ ನಮ್ಮ ಕುರಿ ಮೇಯ್ತಾವ. ನೀರಾಗ ಇದ್ದು ಮೊಸಳಿ ಕೂಡ ಹಗೆತನ ಬ್ಯಾಡ."

"ನೀರೇ ಇಲ್ಲಲ್ಲೋ ಮಾಮಾ, ಮೊಸಳಿ ಎಲ್ಲಿಂದ ಬಂತು?" ಎಂದು ಸುಮಂಗಲಾ ನಕ್ಕಳು. ಆಮೇಲೆ ಮೆಲ್ಲಗೆ ಹೇಳಿದಳು: "ನಮ್ಮಪ್ಪ ಭಾಗಪ್ಪನ್ನ ಯಾರೂ ಒಳಗ ಕರೀಲಿಲ್ಲ, ಬಾಗಿಲದ ಹೊರಗ ನಿಂತು ಸಭಾ ಕೇಳಿ ಕೇಳಿ ಮುದುಕ ಆದ. ಓಟಿದ್ದವ್ರೆಲ್ಲಾ ಗ್ರಾಮಸಭಾದವ್ರ. ಸಾವ್ಕಾರ್ರಿಗೂ ಒಂದ ಓಟು, ನಿನಗೂ ಒಂದ."

 ಮರುದಿನ ಸಕ್ರವ್ವ ಓಣಿಯವರನ್ನು ಕರೆದುಕೊಂಡು ಸಭೆಗೆ ನಡೆದಾಗ ಸಿದ್ದರಾಯನೂ ಹಿಂದೆ ಹೊರಟ.

ಸಭೆಯಲ್ಲಿ ಓಣಿಯ ಹೆಂಗಸರು ಬಾಗಿಲ ಬಳಿ, ಚಪ್ಪಲಿ ಬಿಟ್ಟಲ್ಲಿಯೇ ಕೂರಲು ಹೋದರು. ಸುಮಂಗಲಾ ಅವರನ್ನು ಮುಂದಕ್ಕೆ ಕರೆದಳು. ಸಕ್ರವ್ವ ಸೆರಗು ಸರಿಪಡಿಸಿಕೊಂಡು ಎದ್ದು ನಿಂತಳು.

"ನಮ್ಮ ಓಣಿಗಿ ನೀರ ಬೇಕ್ರಿ. ನಮ್ಮ ಹುಡಿಗಿ ಸಾಲಿ ಬಿಟ್ಟು ಕೊಡ ಹೊರಾಕತ್ಯಾಳ."

ಯಲಗೂರಪ್ಪ ನಕ್ಕರು. "ಹ್ವಾದ ವರ್ಷ ನೀನ ಒಪ್ಪಿ ಸಹಿ ಮಾಡೀಯಲ್ಲಬೇ?"

"ಮಾಡೇನ್ರಿ ಸಾವ್ಕಾರ್ರ. ಮನ್ಯಾಗ ಕುಂತು ಮಾಡೇನಿ, ಅದು ನನ್ನ ತಪ್ಪು. ಇವತ್ತ ಇಲ್ಲಿ ನಿಂತು ಕೇಳಾಕತ್ತೇನಿ. ಇದನ್ನ ಬರಕೋರಿ."

 ಹಿಂದಿನಿಂದ ಸಿದ್ದರಾಯ ಮೊದಲು ಕೈ ಎತ್ತಿದ. ಅವನನ್ನು ನೋಡಿ ಓಣಿಗೆ ಓಣಿಯೇ ಕೈ ಎತ್ತಿತು. ಪಂಚಾಯಿತಿಯ ಅಧಿಕಾರಿ ಓಣಿಗೆ ಪೈಪು ಎಂದು ಬರೆದುಕೊಂಡು ಎಲ್ಲರಿಗೂ ಕೇಳುವಂತೆ ಓದಿದರು.

ಪೈಪಿನ ಕೆಲಸ ಈಗ ಶುರುವಾಗಿದೆ. ನಲ್ಲಿ ಬರುವ ತನಕ ನೀರು ತರುವುದು ಸಿದ್ದರಾಯನ ಪಾಲಿಗೆ. ಸೈಕಲ್ಲಿಗೆ ಎರಡು ಕೊಡ ಕಟ್ಟಿಕೊಂಡು ಹೋಗುತ್ತಾನೆ. ಗೀತಾಂಜಲಿ ದಿನವೂ ಶಾಲೆಯಲ್ಲಿದ್ದಾಳೆ. ಸಾಹುಕಾರರು ಕುರಿಗಳನ್ನು ಹೊಲದಿಂದ ಓಡಿಸಿಲ್ಲ. ಅವರ ದ್ರಾಕ್ಷಿಗೂ ಕುರಿಗೊಬ್ಬರ ಬೇಕಲ್ಲ!

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಆ ಪುಸ್ತಕ ನಿಮ್ಮ ಬಾಗಿಲಿಗೂ ಬಂದೀತು. ಮನೆಯಲ್ಲಿ ಸಹಿ ಹಾಕಬೇಡಿ. ಸಭೆ ಯಾವ ದಿನ ಎಂದು ಕೇಳಿ, ಓಣಿಯವರನ್ನು ಕರೆದುಕೊಂಡು ಹೋಗಿ. ಒಳಗೆ ಕೂತು ಮಾತಾಡಿ, ಬರೆದದ್ದನ್ನು ಓದಿಸಿ ಕೇಳಿ. ಬಡವರು ಬಾರದ ಸಭೆಯಲ್ಲಿ ಬಡವರ ಕೆಲಸ ಆಗುವುದಿಲ್ಲ. ಈ ಸಲ ನೀವು ಹೋಗುತ್ತೀರಲ್ಲ?