ಮಡುವಿನ ಮೀನು

ಮಧ್ಯಾಹ್ನದ ಊಟದ ಗಲಾಟೆ ಮುಗಿದು ಕೊನೆಯ ಗಿರಾಕಿಯೂ ಕೈ ತೊಳೆದುಕೊಂಡು ಹೋದ ಮೇಲೆ, ಚಿಕ್ಕಮಾದಮ್ಮ ಮುಸುರೆ ಬಕೆಟ್ಟು ಹಿಡಿದು ಹೋಟೆಲಿನ ಹಿತ್ತಲಿಗೆ ಬಂದಳು. ಬೆಳಿಗ್ಗೆ ಮೀನು ಹಸನು ಮಾಡುವಾಗ ತೆಗೆದು ಬಿಸಾಡಿದ್ದ ಕರುಳು ಕಿವಿರುಗಳ ಪಕ್ಕದಲ್ಲೇ ಕಾಗೆಗಳು ಸತ್ತು ಬಿದ್ದಿದ್ದವು. ಒಂದೆರಡಲ್ಲ, ತಿಪ್ಪೆಯ ಸುತ್ತ ಅಲ್ಲೊಂದು ಇಲ್ಲೊಂದು. ಒಗೆಯುವ ಕಲ್ಲಿನ ಮರೆಯಲ್ಲಿ ಹೋಟೆಲಿನ ಬೆಕ್ಕು ಬಾಯಿಂದ ನೊರೆ ಸುರಿಸುತ್ತ, ಕಾಲು ಸೆಟೆದುಕೊಂಡು ಅದುರುತ್ತಿತ್ತು.

ಬಕೆಟ್ಟನ್ನು ಎಲ್ಲಿಟ್ಟಳೋ ಅವಳಿಗೆ ಆಮೇಲೆ ನೆನಪಾಗಲಿಲ್ಲ. ಮೊದಲು ಮನಸ್ಸಿಗೆ ಬಂದದ್ದು ತನ್ನ ತಮ್ಮ ಮಾದುವಿನ ಮುಖ.

ಅದು ಎರಡು ಸಾವಿರದ ಮೂರರ ಮೇ ತಿಂಗಳ ಕೊನೆ. ಹಿಂದಿನ ವರ್ಷವೂ ಮಳೆ ಕೈಕೊಟ್ಟು, ಕಪಿಲೆಯಲ್ಲಿ ಬಂಡೆಗಳ ನಡುವೆ ಸಣ್ಣಗೆ ಹರಿಯುವಷ್ಟೇ ನೀರು ಉಳಿದಿತ್ತು. ನಂಜನಗೂಡಿನಿಂದ ನರಸೀಪುರದವರೆಗೂ ಹೊಳೆಯ ಮೀನೆಲ್ಲ ಅಲ್ಲಲ್ಲಿ ನಿಂತ ಮಡುಗಳಿಗೆ ಸೇರಿಕೊಂಡಿದ್ದವು. ಬೇರೆ ಬೆಸ್ತರು ಖಾಲಿ ಬಲೆ ಹೆಗಲಿಗೆ ಹಾಕಿಕೊಂಡು ಬರುತ್ತಿದ್ದ ಆ ದಿನಗಳಲ್ಲಿ ಮಾದು ಮಾತ್ರ ಬುಟ್ಟಿ ತುಂಬ ಗೆಂಡೆ, ಕಾಟ್ಲಾ ತಂದು ಅಕ್ಕನ ಹೋಟೆಲಿಗೆ ಸುರಿಯುತ್ತಿದ್ದ. ಮೀನು ದೊಡ್ಡವು, ಹೊಟ್ಟೆ ತುಂಬ ಮೊಟ್ಟೆ. ಒಂದೂ ಜೀವಂತ ಇರುತ್ತಿರಲಿಲ್ಲ. ಬಲೆಗೆ ಬಿದ್ದು ಒದ್ದಾಡಿದ ಮೀನಿನ ಕತ್ತಿನಲ್ಲಿ ನೂಲು ಕೊರೆದ ಗೆರೆ ಇರುತ್ತದೆ, ಹುರುಪೆ ಎದ್ದಿರುತ್ತದೆ. ಇವುಗಳ ಮೈ ಮಾತ್ರ ಈಗತಾನೆ ನಿದ್ದೆ ಹೋದಂತೆ ನುಣ್ಣಗಿರುತ್ತಿತ್ತು. ಚಿಕ್ಕಮಾದಮ್ಮ ಒಮ್ಮೆ ಕೇಳಿಯೂ ಇದ್ದಳು. “ನೀರೇ ಇಲ್ವಲ್ಲಕ್ಕ, ಕೈಲೇ ಬಾಚ್ಕೋಬೋದು,” ಎಂದು ಅವನು ನಕ್ಕಿದ್ದ. ಆಮೇಲೆ ಅವಳು ಕೇಳಲಿಲ್ಲ. ನರಸೀಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಆ ಹೋಟೆಲಿಗೆ ಮೀನಿನ ಊಟಕ್ಕೆಂದೇ ಜನ ಬರುತ್ತಿದ್ದರು. ಬಂದವರಿಗೆ ಇಲ್ಲವೆನ್ನಲು ಅವಳಿಗೆ ಮನಸ್ಸಿರಲಿಲ್ಲ.

ಗಂಡ ಚೆಲುವರಾಜು ಒಳಗೆ ಬೆಂಚಿನ ಮೇಲೆ ಮಲಗಿದ್ದ. ಅಲುಗಾಡಿಸಿ ಎಬ್ಬಿಸಿ, ತೋಳು ಹಿಡಿದು ಹಿತ್ತಲಿಗೆ ಎಳೆತಂದು ತೋರಿಸಿದಳು. ಅವನು ಅತ್ತಿತ್ತ ನೋಡಿ ಗುದ್ದಲಿ ತೆಗೆದುಕೊಂಡ.

“ಹೂತಾಕ್ಬುಡವ. ಮಿಕ್ಕಿರೋ ಸಾರೂ ಚೆಲ್ಬುಡು.”

“ತಿಂದೋರು?”

“ಯಾರ್ಗೂ ಏನೂ ಆಗ್ದೆ ಇರ್ಬೋದು ಕಣೇ. ನಾನೂ ಉಂಡಿವ್ನಿ. ನೋಡು, ಏನಾಗದೆ ನಂಗೆ? ನಾವೇ ಓಗಿ ಊರಿಗೆಲ್ಲ ಸಾರುದ್ರೆ ನಾಳಿಂದ ಒಲೆ ಹಚ್ಚಂಗಿಲ್ಲ.”

ಚಿಕ್ಕಮಾದಮ್ಮ ಗಂಡನ ಹಣೆಯನ್ನೇ ನೋಡಿದಳು. ಬೆವರಿತ್ತು. ಬಿಸಿಲಿನ ಬೆವರೋ, ಬೇರೆಯದೋ? ಅವನ ಕಣ್ಣು, ತುಟಿ, ಗುದ್ದಲಿ ಹಿಡಿದ ಬೆರಳು ಎಲ್ಲವನ್ನೂ ನೋಡಿದಳು. ಅವಳಿನ್ನೂ ಊಟ ಮಾಡಿರಲಿಲ್ಲ. ಎಲ್ಲರದೂ ಆದ ಮೇಲೆ ಉಣ್ಣುವುದು ಅವಳ ರೂಢಿ. ಅಷ್ಟರಲ್ಲಿ ಬೆಕ್ಕು ಅದುರುವುದನ್ನು ನಿಲ್ಲಿಸಿತು.

“ಮೊಟ್ಟೆ ಹುರಿದಿದ್ದೆ ಇವತ್ತು,” ಎಂದಳು ಅವಳು. “ಹೊಟ್ಟೆ ಒಳಗಿಂದು. ಸೋಮಶೇಖರಪ್ಪೋರು ಒಬ್ರೇ ಪೂರ್ತಿ ತಿಂದ್ರು.”

ಚೆಲುವರಾಜು ಗುದ್ದಲಿಯನ್ನು ಗೋಡೆಗೆ ಒರಗಿಸಿದ.

ಸೋಮಶೇಖರ್ ಪೇಟೆ ಬೀದಿಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದವರು. ಮಠಕ್ಕೆ ನಡೆದುಕೊಳ್ಳುವ ಮನೆತನ, ಕೊರಳಲ್ಲಿ ಲಿಂಗ. ಅವರ ಮನೆಯಲ್ಲಿ ಮೀನು ಎಂಬ ಮಾತನ್ನೂ ಆಡುವಂತಿರಲಿಲ್ಲ. ಆದರೂ ವಾರಕ್ಕೊಂದು ಸಲ ಹಿತ್ತಲ ಬಾಗಿಲಿನಿಂದ ಬಂದು, ಅಕ್ಕಿ ಮೂಟೆಗಳ ಕೋಣೆಯಲ್ಲಿ ಕೂತು ಊಟ ಮಾಡಿ ಹೋಗುತ್ತಿದ್ದರು. ಗಂಡ ಹೆಂಡಿರು ಈ ಗುಟ್ಟನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

“ನೀನು ಮಾದು ತಾವ್ಕೆ ಓಗು,” ಎಂದಳು ಚಿಕ್ಕಮಾದಮ್ಮ. “ಅವ್ನು ಮಡು ನೀರಿಗೆ ಯಾವ ಬೆಳೆ ಔಷ್ದಿ ಸುರ್ದ ಅಂತ ಕೇಳು. ಸೀಸೆ ಸಮೇತ ಎಳ್ಕೊಂಡು ಆಸ್ಪತ್ರೆಗೆ ಬಾ. ಆ ಮಡು ಹತ್ರ ದನಗಿನ ಬುಡ್ಬೇಡಿ ಅಂತ ಅವ್ನ ಊರೋರ್ಗೂ ಹೇಳ್ಬುಟ್ಟು ಬಾ.”

“ಪೋಲೀಸ್ನೋರು ಹಿಡ್ಕಂಡ್ರೆ? ನಿನ್ನ ತಮ್ಮ ಕಣೇ ಅವ್ನು.”

“ಗೊತ್ತು ಓಗು.”

ಮೊಪೆಡ್ಡಿನ ಸದ್ದು ದೂರವಾದ ಮೇಲೆ ಅವಳು ಬಾಗಿಲಿಗೆ ಬೀಗ ಹಾಕಿ ರಸ್ತೆಗಿಳಿದಳು. ತಾಲ್ಲೂಕು ಕಚೇರಿಯ ಜವಾನ ದೊಡ್ಡಸಿದ್ದಯ್ಯ ಮೂಲೆಯ ಟೀ ಅಂಗಡಿಯಲ್ಲೇ ಸಿಕ್ಕ. ಕಚೇರಿಯ ಇನ್ನೂ ಕೆಲವರ ಜೊತೆ ಅವನೂ ಮಧ್ಯಾಹ್ನ ಅವಳ ಹೋಟೆಲಲ್ಲೇ ಉಂಡಿದ್ದ. ವಿಷಯ ಕೇಳಿ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟ.

“ಅದ್ಕೇ ಹೊಟ್ಟೆ ಆಗ್ಲಿಂದ ಗುಡುಗುಡು ಅಂತದೆ! ಅಲ್ಲ ಕಣಮ್ಮ, ಮನೆಗಿಂತ ನಿನ್ನ ಹೋಟ್ಲೇ ವಾಸಿ ಅನ್ಕೊಂಡು ಬರೋ ಜನಕ್ಕೆ ಇಂಗಾ ಮಾಡೋದು?”

“ತಪ್ಪಾಯ್ತು ಅಣ್ಣ. ಜತೇಲಿ ಉಂಡೋರ್ನೆಲ್ಲ ಆಸ್ಪತ್ರೆಗೆ ಕರ್ಕೊಂಡು ಓಗು. ಬೈಯೋದು ಆಮೇಲೆ ಬೈಯುವಂತೆ.”

ಟೀ ಅಂಗಡಿಯವನೂ ಅಲ್ಲಿದ್ದವರೂ ಅವಳನ್ನೇ ನೋಡುತ್ತಿದ್ದರು. ಇನ್ನು ಸುದ್ದಿ ತಾನಾಗಿಯೇ ಊರು ತಿರುಗುತ್ತದೆ ಎಂದು ಅವಳಿಗೆ ಗೊತ್ತಾಯಿತು. ತಿರುಗಲಿ. ಬಸ್ಸು ಹತ್ತಿ ಹೋದವರ ಗತಿಯೇನು? ಮೂಗೂರಿನ ಕಡೆಯವರು ನಾಲ್ಕೈದು ಜನ ಇದ್ದರು, ಒಬ್ಬಳು ಕೂಸು ಎತ್ತಿಕೊಂಡಿದ್ದಳು. ಕೂಸಿಗೆ ಮೀನು ಬಿಡಿಸಿ ತಿನ್ನಿಸಿದಳೋ, ಬರೀ ಅನ್ನ ತಿನ್ನಿಸಿದಳೋ? ಎಷ್ಟು ಯೋಚಿಸಿದರೂ ನೆನಪಾಗದು. ಬಸ್‌ಸ್ಟ್ಯಾಂಡಿನ ಕಂಟ್ರೋಲರಿಗೆ ಹೇಳಿದಳು. ಆ ಕಡೆ ಹೊರಟ ಬಸ್ಸಿನ ಕಂಡಕ್ಟರಿಗೂ ಹೇಳಿ ಪೇಟೆ ಬೀದಿಗೆ ಓಡಿದಳು.

ಪಾತ್ರೆ ಅಂಗಡಿಯ ಬಾಗಿಲು ಎಳೆದಿತ್ತು. ಹಿಂದಿನ ಬೀದಿಯಲ್ಲೇ ಮನೆ. ಜಗುಲಿಯ ಮೇಲೆ ಸೋಮಶೇಖರರ ತಾಯಿ ಚನ್ನಬಸಮ್ಮ ಗಾಬರಿಯಿಂದ ನಿಂತಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಒಳಗಿನಿಂದ ಯಾರೋ ವಾಂತಿ ಮಾಡುವ ಸದ್ದು ಕೇಳುತ್ತಿತ್ತು.

“ಯಾರಮ್ಮ ನೀನು? ಈಗ ಯಾವ ವ್ಯಾಪಾರವೂ ಇಲ್ಲ. ಮಗನಿಗೆ ಹುಷಾರಿಲ್ಲ.”

“ಅದ್ಕೇ ಬಂದೆ ಅವ್ವಾರೆ.”

ನಡುಮನೆಯಲ್ಲಿ ಸೋಮಶೇಖರ್ ಗೋಡೆಗೊರಗಿ ಕೂತಿದ್ದರು. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಬನಿಯನ್ ಬೆವರಿಗೆ ತೊಯ್ದು ಮೈಗಂಟಿತ್ತು. ಅವರ ಹೆಂಡತಿ ಬಟ್ಟಲಲ್ಲಿ ಜೀರಿಗೆ ಕಷಾಯ ಹಿಡಿದುಕೊಂಡಿದ್ದಳು.

“ಬಿಸಿಲಿಗೆ ಪಿತ್ತ ಕೆದರಿದೆ,” ಎಂದರು ಚನ್ನಬಸಮ್ಮ. “ಬೆಳಿಗ್ಗೆ ಉಪ್ಪಿಟ್ಟು ತಿಂದ, ಮಧ್ಯಾಹ್ನ ಊಟವೇ ಬೇಡ ಅಂದ. ಖಾಲಿ ಹೊಟ್ಟೆ.”

ಹೊಸ್ತಿಲಲ್ಲಿ ನಿಂತ ಚಿಕ್ಕಮಾದಮ್ಮನನ್ನು ಸೋಮಶೇಖರ್ ಆಗ ನೋಡಿದರು. ಅಷ್ಟು ಸಂಕಟದಲ್ಲೂ ಅವರ ತಲೆ ಬೇಡ ಬೇಡ ಎಂಬಂತೆ ಅಲುಗಿತು. ಹೇಳದೆ ಆಸ್ಪತ್ರೆಗೆ ಕಳಿಸುವುದು ಹೇಗೆ? ಪಿತ್ತವೆಂದು ಕಷಾಯ ಕುಡಿಸುತ್ತ ಕೂತರೆ ಜೀವ ಉಳಿಯುತ್ತದೆಯೇ? ಹೇಳಿದರೆ ಈ ಮನೆಯಲ್ಲಿ ಅವರು ತಲೆಯೆತ್ತಿ ಓಡಾಡಬಹುದೇ?

“ಅವ್ವಾರೆ, ತಪ್ಪಾಯ್ತು,” ಎಂದಳು ಕೊನೆಗೆ. “ಖಾಲಿ ಹೊಟ್ಟೆ ಅಲ್ಲ. ಅವ್ರು ನಮ್ಮ ಹೋಟ್ಲಲ್ಲಿ ಮೀನು ಉಂಡವ್ರೆ. ಆ ಮೀನಿಗೆ ಬೆಳೆಗೆ ಹೊಡೆಯೋ ಔಷ್ದಿ ಸೇರದೆ. ಈಗ್ಲೇ ಆಸ್ಪತ್ರೆಗೆ ಓಗ್ಬೇಕು.”

ಚನ್ನಬಸಮ್ಮ ಮಗನ ಕಡೆ ತಿರುಗಿದರು. ಅವರು ಕಣ್ಣು ಮುಚ್ಚಿಕೊಂಡರು. ಆ ತಾಯಿ ಸೊಸೆಯ ಕೈಯಿಂದ ಬಟ್ಟಲು ಕಿತ್ತು ಕೆಳಗಿಟ್ಟು, “ಆಟೋ ಕರೀ, ನಿಂತು ನೋಡ್ತೀಯಲ್ಲ!” ಎಂದು ಗದರಿದರು. ಗದರಿದ್ದು ಯಾರಿಗೆಂದು ತಿಳಿಯದೆ ಚಿಕ್ಕಮಾದಮ್ಮನೇ ಬೀದಿಗೆ ಓಡಿದಳು.

ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಸೋಮಶೇಖರರ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು. ಕಣ್ಣಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗಿತ್ತು.

“ಇದು ಕೀಟನಾಶಕವೇ. ಒಂದು ಇಂಜೆಕ್ಷನ್ ಶುರು ಮಾಡ್ತೀನಿ. ಆದರೆ ಒಂದೊಂದು ಔಷಧಿಗೆ ಒಂದೊಂದು ಥರ ನೋಡ್ಬೇಕು. ಯಾವುದು ಅಂತ ಗೊತ್ತಾಗ್ಬೇಕಲ್ಲಮ್ಮ?”

“ತರ್ತಾವ್ರೆ ಸಾ, ಸೀಸೆ ತರ್ತಾವ್ರೆ,” ಎಂದಳು. ತರುತ್ತಾರೆಂಬ ಧೈರ್ಯ ಅವಳಿಗೇ ಇರಲಿಲ್ಲ.

ದೊಡ್ಡಸಿದ್ದಯ್ಯನ ಗುಂಪು ಬೆಂಚಿನ ಮೇಲೆ ಹೊಟ್ಟೆ ಹಿಡಿದು ಕೂತಿತ್ತು. ಒಬ್ಬ ಎರಡು ಸಲ ಕಕ್ಕಿದ್ದ, ಉಳಿದವರಿಗೆ ಹೆದರಿಕೆಯೇ ಹೆಚ್ಚಾಗಿದ್ದಂತಿತ್ತು. ಚಿಕ್ಕಮಾದಮ್ಮ ಗೇಟಿನ ಹತ್ತಿರ ಹೋಗಿ ನಿಂತಳು, ಮತ್ತೆ ಒಳಗೆ ಬಂದಳು, ಮತ್ತೆ ಹೋದಳು. ಮಾದು ಸಿಕ್ಕಿರದಿದ್ದರೆ? ಸಿಕ್ಕಿ, ಗಂಡನೇ ಅವನನ್ನು ಎಲ್ಲಾದರೂ ಓಡಿಸಿಬಿಟ್ಟಿದ್ದರೆ? ಅವಳು ಎತ್ತಿ ಆಡಿಸಿದ ತಮ್ಮ ಅವನು. ಅವ್ವ ಸತ್ತಾಗ ಅವನಿಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಓಡಿಹೋಗಲಿ ಎಂದು ಒಂದು ಗಳಿಗೆ ಅನ್ನಿಸಿತು. ಮರುಗಳಿಗೆಯೇ ಒಳಗೆ ಸೋಮಶೇಖರ್ ನರಳಿದ್ದು ಕೇಳಿಸಿತು. ಬರಲಿ ದೇವರೇ, ಬರಲಿ ಎಂದುಕೊಂಡಳು.

ಬಿಸಿಲು ಇಳಿಯುವ ಹೊತ್ತಿಗೆ ಮೊಪೆಡ್ಡು ಬಂತು. ಹಿಂದೆ ಮಾದು ಕೂತಿದ್ದ, ತೊಡೆಯ ಮೇಲೆ ಟವಲಿನಲ್ಲಿ ಸುತ್ತಿದ ಗಂಟು. ಅಕ್ಕನ ಮುಖ ನೋಡದೆ ನೇರ ಒಳಗೆ ಹೋಗಿ ಗಂಟನ್ನು ಡಾಕ್ಟರ ಮೇಜಿನ ಮೇಲಿಟ್ಟ. ಡಾಕ್ಟರು ಸೀಸೆ ತಿರುಗಿಸಿ ಚೀಟಿ ಓದಿ, ನರ್ಸಿಗೆ ಏನೋ ಹೇಳಿದರು. ಇಂಜೆಕ್ಷನ್ನು ಮತ್ತೆ ಮತ್ತೆ ಕೊಟ್ಟರು. ದೀಪ ಹಚ್ಚುವ ಹೊತ್ತಿಗೆ ಸೋಮಶೇಖರರ ಬೆವರು ನಿಂತಿತು, ಉಸಿರು ಹದಕ್ಕೆ ಬಂತು. ಮೂಗೂರಿನಿಂದ ವಾಪಸು ಬಂದ ಕಂಡಕ್ಟರು, ಅಲ್ಲಿ ಯಾರಿಗೂ ಏನೂ ಆಗಿಲ್ಲ, ಕೂಸು ಆಡಿಕೊಂಡಿದೆ ಎಂದು ತಿಳಿಸಿದ. ಚಿಕ್ಕಮಾದಮ್ಮ ಆಗ ನೆಲದ ಮೇಲೇ ಕೂತುಬಿಟ್ಟಳು.

ಆದರೆ ಅವಳ ಭಯ ಅಲ್ಲಿಗೇ ಮುಗಿಯಲಿಲ್ಲ. ಆಸ್ಪತ್ರೆಯವರು ಹೇಳಿಕಳಿಸಿದ್ದಕ್ಕೆ ಠಾಣೆಯಿಂದ ಒಬ್ಬ ಪೇದೆ ಬಂದ. ಏನು ತಿಂದಿದ್ದರು ಎಂದು ಅವನು ಕೇಳಿದಾಗ ಚನ್ನಬಸಮ್ಮ ಸೆರಗು ಹೊದ್ದು ಎದ್ದು ನಿಂತರು.

“ಮಾವಿನಹಣ್ಣು ತಿಂದ ಕಣಪ್ಪ. ತೋಟದವರು ಔಷಧಿ ಹೊಡೆದಿದ್ದರೋ ಏನೋ. ತೊಳೀದೆ ತಿಂದ.”

ಪೇದೆ ತಲೆಯಾಡಿಸಿದ. ದೊಡ್ಡಸಿದ್ದಯ್ಯ ಏನೋ ಹೇಳಲು ಬಾಯಿ ತೆರೆದವನು, ಚನ್ನಬಸಮ್ಮನ ಮುಖ ನೋಡಿ ಸುಮ್ಮನಾದ. ಕಂಬದ ಮರೆಯಲ್ಲಿ ನಿಂತಿದ್ದ ಮಾದುವಿನ ಮುಖ ಅರಳಿತು. ಮಧ್ಯಾಹ್ನ ಕಾಗೆಗಳನ್ನು ಕಂಡಾಗ ಆಗಿದ್ದ ಭಯಕ್ಕಿಂತ ದೊಡ್ಡ ಭಯ ಚಿಕ್ಕಮಾದಮ್ಮನಿಗೆ ಆ ಅರಳಿದ ಮುಖ ಕಂಡು ಆಯಿತು. ಪೇದೆಗೆ ಅವಳೂ ಏನೂ ಹೇಳಲಿಲ್ಲ. ಹೇಳಿದ್ದರೆ ಆ ಮನೆಯ ಮಾನವೂ ಹೋಗುತ್ತಿತ್ತು, ತಮ್ಮನೂ ಹೋಗುತ್ತಿದ್ದ. ಹೇಳದೆ ಇದ್ದದ್ದು ಸರಿಯೋ ತಪ್ಪೋ ಎಂದು ಮಾತ್ರ ಅವಳಿಗೆ ಎಂದೂ ಬಗೆಹರಿಯಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಮಾದು ಮೆಲ್ಲಗೆ ಅಂದ: “ಎಲ್ಲಾರೂ ಮಾಡ್ತಾರೆ ಕಣಕ್ಕ. ಒಂದು ಮುಚ್ಚಳ ಜಾಸ್ತಿ ಬಿದ್ದೋಯ್ತು ಅಷ್ಟೇಯ.”

“ಬೆಳಿಗ್ಗೆ ನಂಗೆ ಆ ಮಡು ತೋರ್ಸು,” ಎಂದಳು ಅವಳು.

ಮರುದಿನ ಬೆಳಿಗ್ಗೆ ಮೂವರೂ ಹೋದರು. ನೀರಿನ ಮೇಲೆ ಬಿಳಿ ಹೊಟ್ಟೆಗಳು ತೇಲುತ್ತಿದ್ದವು. ಮಾದು ಬಾಚಿಕೊಂಡು ಹೋದದ್ದು ದೊಡ್ಡವನ್ನು ಮಾತ್ರ. ಉಳಿದವು ಬೆರಳುದ್ದದವು, ಹುಣಸೆಬೀಜದಷ್ಟಿನವು, ಕಪ್ಪೆ, ಏಡಿ, ಒಂದು ನೀರುಹಾವು. ಅಂಚಿನ ಕೆಸರಲ್ಲಿ ಒಂದು ಕರುವೂ ಸತ್ತು ಬಿದ್ದಿತ್ತು. ಚೆಲುವರಾಜು ಬಂದು ಎಚ್ಚರಿಸುವ ಮೊದಲೇ ನೀರು ಕುಡಿದಿತ್ತಂತೆ. ಕರುವಿನ ಒಡೆಯ ದೇವಯ್ಯ ಮಾದುವನ್ನು ಕಂಡವನೇ ಓಡಿಬಂದು ಕೊರಳಪಟ್ಟಿ ಹಿಡಿದ.

“ಈ ನೀರ್ನ ನನ್ನೆಂಡ್ರು ಪಾತ್ರೆ ತೊಳ್ಯಕ್ಕೆ ತಕ್ಕೊಂಡೋಯ್ತಾಳೆ ಕಣ್ಲಾ! ಅವ್ಳು ನಿನ್ನೆ ಬೆಳಿಗ್ಗೆನೂ ಬಂದಿದ್ರೆ?”

ಮಾದು ಬಿಡಿಸಿಕೊಳ್ಳಲು ನೋಡಲಿಲ್ಲ. ಅವನ ದೃಷ್ಟಿ ಕರುವಿನ ಮೇಲಿತ್ತು. ಚಿಕ್ಕಮಾದಮ್ಮ ನಡುವೆ ಹೋಗಿ ಹೇಳಿದಳು:

“ಅವ್ನು ಒಬ್ನೇ ಅಲ್ಲ ದೇವಣ್ಣ. ಅವ್ನು ತಂದಿದ್ನ ಕೊಂಡ್ಕೊಂಡೋಳು ನಾನು. ಕೇಳಿದ್ರೆ ಗೊತ್ತಾಗ್ತಿತ್ತು, ಕೇಳ್ಲಿಲ್ಲ. ಏನು ಮಾಡ್ಬೇಕು ಹೇಳು, ಮಾಡ್ತೀವಿ.”

ಊರವರು ಕೂತು ಮಾತಾಡಿ ತೀರ್ಮಾನ ಹೇಳಿದರು. ಸತ್ತ ಮೀನನ್ನೆಲ್ಲ ತೆಗೆದು ಹೊಳೆಯಿಂದ ದೂರ ಹೂಳಬೇಕು, ಮಡುವಿನ ಸುತ್ತ ಜಾಲಿಮುಳ್ಳಿನ ಬೇಲಿ ಕಟ್ಟಬೇಕು, ಮಳೆ ಬಂದು ಹೊಸ ನೀರು ಹರಿಯುವವರೆಗೆ ಮಾದು ಅಲ್ಲೇ ಕಾವಲಿರಬೇಕು. ದೇವಯ್ಯನಿಗೊಂದು ಕರು ಕೊಡಿಸಬೇಕು. ಹಾಗೇ ಆಯಿತು. ಆ ವರ್ಷ ಮಳೆಯೂ ತಡ ಮಾಡಿತು. ಮಾದು ಬಿಸಿಲಲ್ಲಿ ಸುಟ್ಟು ಕರಿಯಾಗಿ, ಬರುವ ದನಗಳನ್ನು ಅಟ್ಟುತ್ತ, ಬಂದು ಬೈದವರ ಮಾತು ಕೇಳುತ್ತ ಕೂತ. ಚಿಕ್ಕಮಾದಮ್ಮ ಅವನಿಗೆ ಬುತ್ತಿ ಕಳಿಸುತ್ತಿದ್ದಳು, ತಾನು ಮಾತ್ರ ಹೋಗುತ್ತಿರಲಿಲ್ಲ.

ಹೋಟೆಲು ಬಹಳ ದಿನ ಮುಚ್ಚಿತ್ತು. ತೆರೆದ ಮೇಲೂ ಮೊದಲಿನ ಜನ ಬರಲಿಲ್ಲ. ಇನ್ನು ಮೇಲೆ ಕಣ್ಣೆದುರು ಮಿಡುಕುವ ಮೀನನ್ನಷ್ಟೇ ಕೊಳ್ಳುವುದು, ಮೊಟ್ಟೆ ಇಡುವ ಮಳೆಗಾಲದ ತಿಂಗಳುಗಳಲ್ಲಿ ಹೊಳೆಮೀನನ್ನೇ ಕೊಳ್ಳುವುದಿಲ್ಲ ಎಂದು ಅವಳು ಹಟ ಹಿಡಿದಳು. ಚೆಲುವರಾಜು ಜಗಳವಾಡಿದ, ಮುನಿಸಿಕೊಂಡ, ಆಮೇಲೆ ತಾನೇ ಹದಿನಾರು ಎಂಬ ಊರಿನ ಕೆರೆ ಕಡೆ ಮೊಪೆಡ್ಡಿನಲ್ಲಿ ಹೋಗಿ ಡ್ರಮ್ಮಿನಲ್ಲಿ ನೀರು ಹಾಕಿ ಜೀವಂತ ಮೀನು ತರತೊಡಗಿದ. ಸಿಗದ ದಿನ ಬಸ್ಸಾರು ಮುದ್ದೆ. ದೊಡ್ಡಸಿದ್ದಯ್ಯ ಗೊಣಗುತ್ತಲೇ ಅದನ್ನು ಉಂಡು ಹೋಗುತ್ತಿದ್ದ. ಸೋಮಶೇಖರ್ ಮತ್ತೆ ಬರಲಿಲ್ಲ. ಎದುರಿಗೆ ಸಿಕ್ಕರೆ ತಲೆತಗ್ಗಿಸಿ ಹೋಗುತ್ತಿದ್ದರು. ಚನ್ನಬಸಮ್ಮ ಮಾತ್ರ ಒಮ್ಮೆ ಸಂತೆಯಲ್ಲಿ ಅವಳನ್ನು ತಡೆದು ನಿಲ್ಲಿಸಿ, “ಅವತ್ತು ನೀನು ಬಾಯಿ ಬಿಡದೆ ಹೋಗಿದ್ರೆ ನನ್ನ ಮಗ ಇರ್ತಿರಲಿಲ್ಲ. ಆದ್ರೂ ನಿನ್ನ ಕಂಡ್ರೆ ನಂಗೆ ಆಗಲ್ಲ ಕಣಮ್ಮ,” ಎಂದು ಹೇಳಿ ಸೊಪ್ಪು ಚೌಕಾಸಿ ಮಾಡಲು ಹೋದರು.

ಮುಂದಿನ ವರ್ಷ ಚಳಿಗಾಲದಲ್ಲಿ ಮಾದು ಮತ್ತೆ ಮೀನು ತಂದ. ತಗಡಿನ ಡಬ್ಬದ ನೀರಲ್ಲಿ ಐದಾರು ಗೆಂಡೆಗಳು ಬಾಲ ಬಡಿಯುತ್ತಿದ್ದವು. ಚಿಕ್ಕಮಾದಮ್ಮ ಒಂದೊಂದನ್ನೇ ಹೊರಗೆತ್ತಿ, ಕಿವಿರು ಬಿಡಿಸಿ ನೋಡಿ, ಮೂಸಿ ನೋಡಿ, ಮತ್ತೆ ನೀರಿಗೆ ಬಿಟ್ಟಳು. ಅವನು ಕೈಕಟ್ಟಿ ನಿಂತು ನೋಡುತ್ತಿದ್ದ.

“ಇನ್ನೂ ನಂಬಿಕೆ ಇಲ್ವಾ ಅಕ್ಕ?”

“ಇಲ್ಲ ಕಣ್ಲಾ,” ಎಂದಳು ಅವಳು, ಕೈ ಒರೆಸಿಕೊಳ್ಳುತ್ತ. “ಒಳಗೆ ಬಿಸಿ ಮುದ್ದೆ ಅದೆ. ಉಂಡ್ಕೊಂಡು ಓಗು.”