ಸ್ವಂತ ಇಚ್ಛೆಯಿಂದ

ಗುಬ್ಬಿಗಳು, ಶೀಟಿನ ಕೆಳಗಿನ ತೊಲೆಯ ಮೇಲೆ ಎರಡು, ಅಲ್ಲ ಮೂರು, ಇಷ್ಟು ಗಟ್ಟಿಯಾಗಿ ಕೂಗುತ್ತವೆ ಅಂತ ಗೊತ್ತೇ ಇರಲಿಲ್ಲ, ಹದಿನಾಲ್ಕು ವರ್ಷ ಬಾಯ್ಲರ್ ಸದ್ದು, ರಾಟೆಗಳ ಸದ್ದು, ಫ್ಯಾಕ್ಟರಿ ಮುಚ್ಚಿ ಇವತ್ತು ಏನೂ ಇಲ್ಲ, ಹೆಂಗಸರ ಸಾಲು ಮಾತ್ರ, ಮುಂದೆ ಚಿಕ್ಕಬಸಮ್ಮ, ಅವಳ ಮುಂದೆ ಇನ್ನೊಬ್ಬಳು, ಆಮೇಲೆ ರೈಟರ್ ಕನಕರಾಜುವಿನ ಮೇಜು, ಇಂಕ್ ಪ್ಯಾಡು, ಕಾಗದದ ಕಟ್ಟು, ನನ್ನ ಬೆನ್ನಿಗೆ ಮೂಗವ್ವ, ನನಗೆ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವುದನ್ನು ಕಲಿಸಿದವಳು, ಅವಳ ಕೆಮ್ಮು ನನ್ನ ಕುತ್ತಿಗೆಗೆ ತಾಗುತ್ತಿದೆ — ಚೈನಾ ದಾರ ಬಂದದಂತ ಕಣಮ್ಮಿ ಅಂತ ಮೊದಲು ಹೇಳಿದವನು ಪುಟ್ಟಮಾದು, ನನ್ನ ಗಂಡ, ಇದೇ ಫ್ಯಾಕ್ಟರಿಯ ಬಾಯ್ಲರಿಗೆ ಸೌದೆ ಹಾಕುತ್ತಿದ್ದವನು, ನಮ್ಮ ರೇಷ್ಮೆಗಿಂತ ಅಗ್ಗವಂತೆ, ನೇಯುವವರು ಅದನ್ನೇ ಕೇಳುತ್ತಾರಂತೆ, ಸರ್ಕಾರ ಬಾಗಿಲು ತೆಗೆದುಬಿಟ್ಟಿದೆಯಂತೆ, ಯಾವ ಬಾಗಿಲೋ, ಚಾಮರಾಜನಗರದಲ್ಲಿ ನಾನು ದಿನಾ ಹಾಯುತ್ತಿದ್ದ ಬಾಗಿಲು ಇದೊಂದೇ. ಮಾಲೀಕರು ಆ ಚೈನಾ ನೂಲಿನ ಒಂದು ಲಡಿ ತಂದು ತೋರಿಸಿದ್ದರು, ಬೆಳ್ಳಗೆ, ಒಂದೇ ಸಮ, ಎಲ್ಲೂ ಗಂಟಿಲ್ಲ, ಒಳ್ಳೆಯ ನೂಲು, ಸುಳ್ಳು ಯಾಕೆ ಹೇಳಲಿ, ಅದನ್ನು ಬಿಚ್ಚಿದವಳೂ ಯಾರೋ ಹೆಂಗಸೇ ಇರಬೇಕು, ಅವಳಿಗೂ ಮನೆಯಲ್ಲಿ ಮಗಳಿರಬೇಕು, ಅವಳ ಮೇಲೆ ನನಗೆ ಸಿಟ್ಟಿಲ್ಲ.

ಒಬ್ಬಳು ಹೆಬ್ಬೆಟ್ಟು ಒತ್ತಿದಳು, ಸಾಲು ಒಂದು ಹೆಜ್ಜೆ ಸರಿಯಿತು. ಮಾಲೀಕರು ಮಹದೇವಪ್ರಸಾದ್ ಅವರದೇ ಇನ್ನೊಂದು ಶೆಡ್ಡು ಗುಂಡ್ಲುಪೇಟೆ ರಸ್ತೆಯಲ್ಲಿದೆ, ಕರಿಕಲ್ಲು ಪಾಲಿಶ್ ಮಾಡುವುದು, ಕಲ್ಲು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದೆ, ಅದಕ್ಕೆ ಬೇಡಿಕೆ ಇದೆ, ಗಂಡಸರು ಒಂಬತ್ತು ಜನರನ್ನೂ ಅಲ್ಲಿಗೆ ಹಾಕಿಕೊಂಡರು, ಪುಟ್ಟಮಾದುವನ್ನೂ, ಹೆಂಗಸರು ಮೂವತ್ತೊಂದು ಜನ, ನಮಗೇನು ಅಂದರೆ ಕನಕರಾಜು ತಲೆ ಎತ್ತದೆ, ನಿಮ್ಗೇನ್ ಬುಡ್ರಮ್ಮ, ಮನೇಲಿ ದುಡಿಯೋರು ಇದಾರಲ್ಲ. ಮೂಗವ್ವನ ಮನೆಯಲ್ಲಿ ಯಾರಿದ್ದಾರೆ, ತಾಯಿಯಿಲ್ಲದ ಒಂದು ಮೊಮ್ಮಗಳು. ನನ್ನ ಮನೆಯಲ್ಲಿದ್ದಾನೆ, ಇದ್ದಾನೆ ನಿಜ, ಆದರೆ ಅವನ ಕೈ ಸುಟ್ಟು ನಾಲ್ಕು ತಿಂಗಳು ಮಲಗಿದ್ದಾಗ ಒಲೆ ಹತ್ತಿದ್ದು ಯಾರ ಸಂಬಳದಲ್ಲಿ, ಅದಕ್ಕೂ ಮೊದಲು, ಸಂಬಳವೇ ಇಲ್ಲದ ಕಾಲದಲ್ಲಿ, ಒಂದು ಸೋಪಿಗೂ ಅತ್ತೆಯ ಮುಂದೆ ಕೈ ಚಾಚಿ ನಿಲ್ಲುತ್ತಿದ್ದೆ, ಸಂಬಳ ಬಂದ ಮೇಲೆ ಅದೇ ಅತ್ತೆ ನನ್ನ ಮಗಳು ಪವಿತ್ರಳನ್ನು ಹೈಸ್ಕೂಲಿಗೆ ಹಾಕಬೇಕೋ ಬೇಡವೋ ಅಂತ ನನ್ನನ್ನು ಕೇಳಿದಳು, ನನ್ನನ್ನು — ಹಾಕಬೇಕು ಅಂದೆ, ಹಾಕಿದರು. ಇವತ್ತು ಬೆಳಿಗ್ಗೆ ಬುತ್ತಿ ಕಟ್ಟುತ್ತಿದ್ದಾಗ ಪುಟ್ಟಮಾದು ನನ್ನ ಮುಖ ನೋಡದೆ, ಸೈನ್ ಹಾಕ್ಬುಡಮ್ಮಿ, ನೀ ಎದ್ರು ನಿಂತ್ಕಂಡ್ರ ನನ್ ಕೆಲ್ಸನೂ ಓಯ್ತದ. ಕೆಟ್ಟವನಲ್ಲ, ಹೆದರಿದ್ದಾನೆ, ಹೆದರಿದವನಿಗೆ ಏನು ಹೇಳಲಿ, ಡಬ್ಬಿಯ ಮುಚ್ಚಳ ಒತ್ತಿ ಕೈಗೆ ಕೊಟ್ಟೆ, ಸೋಮವಾರ ಲೇಬರ್ ಆಫೀಸಿಗೆ ಹೋಗಿದ್ದನ್ನೂ ಅವನಿಗೆ ಹೇಳಲಿಲ್ಲ. ಅಲ್ಲಿ ಕನ್ನಡಕದ ಮೇಡಮ್ ಹೇಳಿದ್ದು ಇಷ್ಟೇ, ನೀವಾಗಿ ಬಿಟ್ಟೆವು, ಬರಬೇಕಾದ್ದು ಏನೂ ಇಲ್ಲ ಅಂತ ಬರೆದುಕೊಟ್ಟರೆ ಆಮೇಲೆ ಕೇಳುವುದು ಕಷ್ಟ, ಮುಚ್ಚಿದ್ದು ಅವರು ಅಂತಾದರೆ ದುಡಿದ ವರ್ಷಗಳಿಗೆ ಪರಿಹಾರ ಕೊಡಬೇಕಾಗುತ್ತದೆ.

ಚಿಕ್ಕಬಸಮ್ಮ ಒತ್ತಿ ಸೆರಗಿಗೆ ಬೆರಳು ಒರೆಸಿಕೊಂಡು ಹೋದಳು, ಈಗ ನಾನು. ಕನಕರಾಜು ಪೆನ್ನು ಚಾಚುತ್ತಾನೆ, ನಾನು ಕಾಗದ ಎತ್ತಿಕೊಳ್ಳುತ್ತೇನೆ, ಸಾಕ್ಷರತಾ ಕ್ಲಾಸಿನಲ್ಲಿ ಸೀಮೆಎಣ್ಣೆ ದೀಪದ ಮುಂದೆ ಕಲಿತ ಅಕ್ಷರ, ಒಂದೊಂದೇ ಕೂಡಿಸುತ್ತೇನೆ, ನಾನು ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿರುತ್ತೇನೆ, ನನಗೆ ಬರಬೇಕಾದ್ದು ಏನೂ ಇರುವುದಿಲ್ಲ — ಸ್ವಂತ ಇಚ್ಛೆ, ಮದುವೆ ಅಪ್ಪನ ಇಚ್ಛೆ, ಫ್ಯಾಕ್ಟರಿಗೆ ಬಂದದ್ದು ಅತ್ತೆಯ ಇಚ್ಛೆ, ಉಳಿದದ್ದು ಮಾತ್ರ ನನ್ನದು, ಹದಿನಾಲ್ಕು ವರ್ಷ ಉಳಿದದ್ದು. ಇದು ಸುಳ್ಳು ಸಾರ್, ಗಟ್ಟಿಯಾಗೇ ಅಂದೆ, ಗುಬ್ಬಿಗಳು ಹಾರಿದವು. ಒಳಗಿನ ಕೋಣೆಯಿಂದ ಮಾಲೀಕರು ಬಂದರು, ಅವರ ಮುಖವೂ ಸೋತಿದೆ, ನೋಡಮ್ಮ ನಾಗಮಣಿ, ನಾನೂ ಮುಳುಗಿದೀನಿ, ಚೈನಾದವನ ಮುಂದೆ ನನ್ನ ಆಟ ಏನು ನಡೀತದೆ. ನಿಜ ಸಾರ್, ದಾರದ ರೇಟು ನಿಮ್ ಕೈಲಿಲ್ಲ, ಈ ಕಾಗದ ನಿಮ್ ಕೈಲೇ ಅದೆ. ಪುಟ್ಟಮಾದುಗೆ ಎಲ್ಲಾ ಹೇಳಿದ್ನಲ್ಲ ಅಂದರು ಅವರು, ಮೆಲ್ಲಗೆ, ಅದರ ಅರ್ಥ ನನಗೆ ಗೊತ್ತು, ಅವರಿಗೂ ಗೊತ್ತು, ಸಂಜೆ ಅವನು ಕೆಲಸ ಕಳೆದುಕೊಂಡು ಬಂದು ಬಾಗಿಲಲ್ಲಿ ನಿಂತರೆ, ನಿಲ್ಲಲಿ, ಇಬ್ಬರೂ ಹುಡುಕೋಣ — ಅವ್ರ ಕೆಲ್ಸ ಅವ್ರುದು ಸಾರ್, ಇದು ನಂದು. ಕಾಗದದ ಆ ಸಾಲಿನ ಮೇಲೆ ಗೀಟು ಎಳೆದೆ, ಕೆಳಗೆ ದಪ್ಪ ಅಕ್ಷರದಲ್ಲಿ ಬರೆದೆ, ಫ್ಯಾಕ್ಟರಿ ಮುಚ್ಚಿದ್ದರಿಂದ ನನ್ನ ಕೆಲಸ ಹೋಯಿತು, ನಾನು ಬಿಟ್ಟಿಲ್ಲ, ಸೈನು ಹಾಕಿದೆ.

ನಡೀ ಮೂಗವ್ವ, ಮುಂದಕ್ಕೆ, ಅಂತ ಕನಕರಾಜು ಅವಳ ಕೈ ಹಿಡಿದು ಪ್ಯಾಡಿಗೆ ಒತ್ತಿದ, ಹೊಸ ಕಾಗದ ಸರಿಸಿದ, ಒತ್ತು, ಬಾಗಿಲ ಹತ್ತಿರ ಹೋಗಿದ್ದ ಚಿಕ್ಕಬಸಮ್ಮ ತಿರುಗಿ ಬಂದು ನನ್ ಕಾಗ್ದ ಹರ್ದಾಕಕ್ಕಾಯ್ತದಾ ಅಂತ ಕೇಳುತ್ತಿದ್ದಾಳೆ, ನನಗೆ ಗೊತ್ತಿಲ್ಲ, ಆ ಮೇಡಮ್ಮನ್ನು ಕೇಳೋಣ, ಇವತ್ತೇ ಹೋಗೋಣ, ಒತ್ತಮ್ಮ ಅಂದ್ರೆ ಎನ್ನುತ್ತಾನೆ ಕನಕರಾಜು, ಮೂಗವ್ವ ಒತ್ತುವುದಿಲ್ಲ, ನನ್ನ ಕಡೆ ತಿರುಗಿ, ನಂಗೂ ಅಂಗೇ ಬರ್ಕೊಡು ಕೂಸೆ, ನಾನು ಪೆನ್ನು ತೆಗೆದುಕೊಳ್ಳುತ್ತೇನೆ, ಗೀಟು ಎಳೆಯುತ್ತೇನೆ, ಬರೆಯುತ್ತೇನೆ, ಫ್ಯಾಕ್ಟರಿ ಮುಚ್ಚಿದ್ದರಿಂದ, ಕಾಗದಕ್ಕಿಂತ ಒಂದಂಗುಲ ಮೇಲೆ ಅವಳ ಹೆಬ್ಬೆಟ್ಟು, ನೀಲಿ, ಇಳಿಯದೆ, ನನ್ನ ಕೆಲಸ ಹೋಯಿತು, ಕಾಯುತ್ತಿದೆ, ಇಂಕು ಒಣಗುತ್ತಿದೆ, ಅಲ್ಲಾಡದೆ, ನಾನು ಮುಗಿಸುವವರೆಗೂ, ಆ ನೀಲಿ ಹೆಬ್ಬೆಟ್ಟು