ಇಳಿಸಿದ ಮಣ್ಣನ್ನು ಮತ್ತೆ ಏರಿಸಿದ್ದು

ಝಳಕಿಯಲ್ಲಿ ಈಗ ಯಾರನ್ನಾದರೂ ಮನೆ ಎಂಥದ್ದು ಎಂದು ಕೇಳಿದರೆ ‘ಸ್ಲ್ಯಾಬಿಂದು’ ಎನ್ನುತ್ತಾರೆ. ಕೋಣೆ ಎಷ್ಟು, ಗಾಳಿ ಬರುತ್ತದೆಯೇ, ಇವೆಲ್ಲ ಆಮೇಲಿನ ಮಾತು. ಏಪ್ರಿಲ್ ತಿಂಗಳ ಮಧ್ಯಾಹ್ನ ಆ ಸ್ಲ್ಯಾಬಿನ ಕೆಳಗೆ ಯಾರೂ ಕೂರುವುದಿಲ್ಲ. ಮನೆಮಂದಿಯೆಲ್ಲ ಎದುರಿನ ಬೇವಿನ ಮರದ ಬುಡದಲ್ಲಿರುತ್ತಾರೆ. ಮನೆ ಮಾತ್ರ ಬಿಸಿಲಲ್ಲಿ ಒಂಟಿಯಾಗಿ ನಿಂತು ತನ್ನ ದೊಡ್ಡಸ್ತಿಕೆ ತೋರಿಸುತ್ತಿರುತ್ತದೆ.

ಹೆದ್ದಾರಿಯ ಪಕ್ಕ ಪಂಕ್ಚರ್ ಅಂಗಡಿ ಇಟ್ಟಿರುವ ನಬಿಲಾಲರದೂ ಇಂಥದೇ ಮನೆ. ಆರು ವರ್ಷದ ಹಿಂದೆ ತಂದೆಯ ಕಾಲದ, ಮಣ್ಣಿನ ಚಾವಣಿಯ ಮಾಳಿಗೆ ಮನೆ ಕೆಡವಿ ಕಟ್ಟಿಸಿದ್ದು. ಮುಂದೊಂದು ದಿನ ಮಹಡಿ ಎಬ್ಬಿಸಲೆಂದು ಪಿಲ್ಲರಿನ ಕಬ್ಬಿಣದ ಸಳಿಗಳನ್ನು ಆಕಾಶಕ್ಕೆ ಚುಚ್ಚಿಯೇ ಬಿಟ್ಟಿದ್ದಾರೆ. ಹಳೆಯ ಮಾಳಿಗೆ ತಂಪಾಗಿತ್ತಲ್ಲ ಎಂದು ಯಾರಾದರೂ ನೆನೆಸಿಕೊಂಡರೆ ಅವರಿಗೆ ಸಿಟ್ಟು ಬರುತ್ತಿತ್ತು. ಪ್ರತಿ ವರ್ಷ ಮಳೆಗಾಲದ ಮುಂಚೆ ಬುಟ್ಟಿಯಲ್ಲಿ ಮಣ್ಣು ಹೊತ್ತು ಏರಿ, ಸೋರುವ ಕಡೆಗೆಲ್ಲ ತುಳಿದು ಬಂದವರಿಗೆ ಗೊತ್ತು ಅದರ ಸುಖ, ಎನ್ನುತ್ತಿದ್ದರು.

ಜನವರಿಯಲ್ಲಿ ತಾಳಿಕೋಟೆಯಿಂದ ಫೋನು ಬಂತು. ಮಗಳು ನಾಜಿಮಾಗೆ ಐದು ತಿಂಗಳಾಗಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ತೊಟ್ಟಿಲು, ಎಣ್ಣೆ, ಮಸಾಲೆ ಎಂದು ತಾಯಿ ಪೀರಬಿ ಆಗಲೇ ಎಣಿಸಿ ಇಟ್ಟಿದ್ದರು. ಫೋನಿನಲ್ಲಿ ಇದ್ದವರು ಮಗಳ ಅತ್ತೆ ಸುಲ್ತಾನಾ.

“ಬೀಗತೇರ, ಹ್ವಾದ ವರ್ಷ ನಿಮ್ಮ ಮನ್ಯಾಗ ಎರಡ ತಾಸ ಕುಂತಿದ್ದೆ. ನನ್ನ ತಲಿ ಇನ್ನೂ ತಣ್ಣಗಾಗಿಲ್ಲ. ಮೇ ತಿಂಗಳದಾಗ ಹಸಗೂಸು ಆ ಕಾದ ಹಂಚಿನಂಥಾ ಸ್ಲ್ಯಾಬಿನ ಕೆಳಗ ಮಲಗತೈತೇನು? ಬಾಣಂತನ ಇಲ್ಲೇ ಆಗ್ಲಿ ಬಿಡ್ರಿ.”

ಪೀರಬಿ ಮೂರು ದಿನ ಗಂಡನ ಜೊತೆ ಮಾತಾಡಲಿಲ್ಲ. ನಾಲ್ಕನೇ ದಿನ ಮಾತಾಡಿದರು. ಆ ಮೂರು ದಿನವೇ ಚಲೋ ಇತ್ತು ಎಂದು ನಬಿಲಾಲರಿಗೆ ಅನ್ನಿಸಿತು.

ಎದುರು ಮನೆಯ ಬಸಂತರಾಯರ ಮಗಳು ಐಶ್ವರ್ಯ ಸಿವಿಲ್ ಡಿಪ್ಲೊಮಾ ಓದಿ ಇಂಡಿಯಲ್ಲಿ ಕಟ್ಟಡದ ಗುತ್ತಿಗೆದಾರರೊಬ್ಬರ ಬಳಿ ಕೆಲಸ ಮಾಡುತ್ತಾಳೆ. ಸ್ಕೂಟಿಯ ಗಾಲಿಗೆ ಮೊಳೆ ಚುಚ್ಚಿಸಿಕೊಂಡು ಅಂಗಡಿಗೆ ಬಂದವಳು ಈ ಸಂಕಟವನ್ನೆಲ್ಲ ಕೇಳಿದಳು. ಕೂಲರ್ ತರೋಣವೆಂದರೆ ಕರೆಂಟು ಮಧ್ಯಾಹ್ನವೇ ಹೋಗುತ್ತದೆ. ಫ್ಯಾನು ಹಾಕಿದರೆ ಮೇಲಿನ ಬಿಸಿಯನ್ನು ಕೆಳಗೆ ತಂದು ಮುಖಕ್ಕೆ ಹೊಡೆಯುತ್ತದೆ. ಅವಳು ಸ್ಲ್ಯಾಬಿನ ಮೇಲೆ ಮಣ್ಣು ಹಾಕಿಸಿ ಹಸಿರು ಬೆಳೆಸಿ ಎಂದಳು.

“ಮಣ್ಣ ಹಾಕಾಕ ನನಗ ಇನ್ನೂ ಜೀವ ಐತಿ ತಂಗಿ,” ಎಂದರು ನಬಿಲಾಲ. “ಮಣ್ಣ ಇಳಸಬೇಕಂತ ಸ್ಲ್ಯಾಬ್ ಹಾಕಸೇನಿ. ಈಗ ಮತ್ತ ಏರಸು ಅಂತಿ. ಮಾಳಗಿ ಮ್ಯಾಲ ಹುಲ್ಲು ಬೆಳದ ಮನಿಗೆ ನಮ್ಮೂರಾಗ ಏನಂತಾರ ಗೊತ್ತೈತಿಲ್ಲೊ? ಹಾಳ ಬಿದ್ದ ಮನಿ ಅಂತಾರ.”

ಐಶ್ವರ್ಯ ನಿಟ್ಟುಸಿರು ಬಿಟ್ಟಳು. ಹುಲ್ಲು ತಾನೇ ಹುಟ್ಟಿದರೆ ಹಾಳು, ನಾವು ಬೆಳೆಸಿದರೆ ಬಾಳು ಎಂದು ತಿಳಿಸಿ ಹೇಳಿದಳು. ಬರಿಯ ಸ್ಲ್ಯಾಬು ಹಗಲೆಲ್ಲ ಬಿಸಿಲು ಕುಡಿದು ಒಳಗೆ ಕಾರುತ್ತದೆ. ಮೇಲೆ ಹಸಿ ಮಣ್ಣು, ಎಲೆಯ ನೆರಳು ಇದ್ದರೆ ಬಿಸಿಲು ಅಲ್ಲಿಯೇ ನಿಲ್ಲುತ್ತದೆ. ಎಲೆ ನೀರನ್ನು ಗಾಳಿಗೆ ಬಿಡುವಾಗ ತಂಪೂ ಆಗುತ್ತದೆ. ಎ.ಸಿ. ಅಲ್ಲ ಇದು, ಆದರೆ ಮನುಷ್ಯರು ಒಳಗೆ ಇರಬಹುದು. ಬಿಸಿಲು ನೇರ ತಾಗದ ಸ್ಲ್ಯಾಬು ಬೇಗ ಬಿರಿಯುವುದೂ ಇಲ್ಲ. ಮೊದಲು ತಾನು ಬಂದು ನೋಡುವುದಾಗಿಯೂ, ಅಲ್ಲಿಯವರೆಗೆ ಏನೂ ಮಾಡಬಾರದೆಂದೂ ಎರಡು ಸಲ ಹೇಳಿ ಹೋದಳು.

ನಬಿಲಾಲರ ಕಿವಿಗೆ ಬಿದ್ದದ್ದು ಎರಡೇ ಪದ: ಮಣ್ಣು, ಹಸಿರು. ವಾರವೆಲ್ಲ ಹೆಂಡತಿಯ ಮಾತು ಕೇಳಿ ಕೇಳಿ, ಆಗಿದ್ದಾಗಲಿ ಎಂದು ಅಗರಖೇಡದಿಂದ ಎರಡು ಟ್ರೇಲರ್ ಎರೆಮಣ್ಣು ತರಿಸಿದರು. ಭೀಮಾ ದಂಡೆಯ ಕಪ್ಪು ಮಣ್ಣು. ಬಿಳಿಜೋಳ ಆಳೆತ್ತರ ಬೆಳೆಯುವ ಮಣ್ಣು. ಹಾಕುವುದಾದರೆ ಚಲೋದನ್ನೇ ಹಾಕಬೇಕಲ್ಲ. ಮೊಳದೆತ್ತರ ಹರವಿ ಮೆಂತೆ ಬಿತ್ತಿದರು. ಇಷ್ಟು ಒಳ್ಳೆಯ ಮಣ್ಣು ಮಳೆಗೆ ಕೊಚ್ಚಿ ಹೋಗಬಾರದೆಂದು, ಮಳೆನೀರು ಇಳಿಯುವ ಪೈಪಿನ ಬಾಯಿಗೆ ಹಳೆಯ ಟಯರಿನ ತುಂಡು ಗಿಡಿದರು. ಮೂವತ್ತು ವರ್ಷ ತೂತು ಮುಚ್ಚಿದ ಕೈ. ಮುಚ್ಚಬಾರದ ತೂತೂ ಇರುತ್ತದೆ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು?

ಮಾರ್ಚಿನ ಮೊದಲಲ್ಲಿ ಅಕಾಲದ ಮಳೆ ಬಿತ್ತು. ಎರೆಮಣ್ಣು ನೀರು ಕುಡಿದು ಉಬ್ಬಿತು. ಹೋಗಲು ದಾರಿಯಿಲ್ಲದ ನೀರು ತಾನೇ ದಾರಿ ಹುಡುಕಿ, ನಾಜಿಮಾಗೆಂದು ಪೀರಬಿ ಒಗೆದು ಹಾಸಿದ್ದ ಹಾಸಿಗೆಯ ಮೇಲೆ ಚಹಾದ ಬಣ್ಣದಲ್ಲಿ ತೊಟ್ಟಿಕ್ಕಿತು. ಪೀರಬಿ ಏನೂ ಅನ್ನದೆ ಬಕೆಟ್ಟು ತಂದಿಟ್ಟರು. ಏನಾದರೂ ಅಂದಿದ್ದರೆ ಚಲೋ ಇತ್ತು.

ಐಶ್ವರ್ಯ ಬಂದು ನಿಚ್ಚಣಿಕೆ ಏರಿ ನೋಡಿ ಇಳಿದಳು. ಸೋರುವುದು ದೊಡ್ಡ ಮಾತಲ್ಲ ಎಂದಳು.

“ನೀರ ಕುಡದ ಎರಿ ಮಣ್ಣು ಅಂದ್ರ ಮನಿ ಮ್ಯಾಲ ಲಾರಿ ನಿಂತಂಗ ಕಾಕಾ. ಇಳಸೂತನಕ ಯಾರೂ ಒಳಗ ಹೋಗಬ್ಯಾಡ್ರಿ. ನಾ ಬರ್ತೇನಿ ಅಂತ ಎರಡ ಸಲ ಹೇಳಿದ್ನಿಲ್ಲ?”

“ನೀ ಎಲ್ಲಾನೂ ಎರಡ ಸಲ ಹೇಳ್ತಿ,” ಎಂದರು ನಬಿಲಾಲ. “ಯಾವದು ಖರೇ ಅಂತ ತಿಳಕೋಬೇಕು?”

ಎರಡು ಟ್ರೇಲರ್ ಮಣ್ಣು ಬುಟ್ಟಿಬುಟ್ಟಿಯಾಗಿ ಇಳಿಯಿತು. ನಬಿಲಾಲ ಇನ್ನು ಈ ಸುದ್ದಿಯೇ ಬೇಡವೆಂದು ಅಂಗಡಿಗೆ ಹೋಗಿ ಕೂತರು. ಹೆರಿಗೆಗೆ ಉಳಿದದ್ದು ಎರಡು ತಿಂಗಳು. ಐಶ್ವರ್ಯ ಅಲ್ಲಿಗೂ ಹೋದಳು. ಮನೆಯ ನಕ್ಷೆ ತನ್ನ ಮೇಲಿನ ಎಂಜಿನಿಯರಿಗೆ ತೋರಿಸಿದ್ದಾಗಿಯೂ, ಅವರು ಬಂದು ಪಿಲ್ಲರು, ತೊಲೆ ನೋಡಿ, ಮಹಡಿಗೆಂದು ಕಟ್ಟಿದ್ದರಿಂದ ನಾಲ್ಕು ಇಂಚು ಹಗುರ ಮಣ್ಣು ತಡೆಯುತ್ತದೆ ಎಂದು ಬರೆದುಕೊಟ್ಟಿದ್ದಾಗಿಯೂ ಹೇಳಿದಳು. ಈಗ ಸ್ಲ್ಯಾಬಿನ ಮೇಲೆ ಎರಡು ದಿನ ನೀರು ನಿಲ್ಲಿಸಿ ಪರೀಕ್ಷೆ ಮಾಡಬೇಕು. ಇಷ್ಟು ಸೋರಿದ್ದು ಸಾಲದೆ ಮತ್ತೆ ನೀರು ಬೇರೆ ನಿಲ್ಲಿಸಬೇಕೇ ಎಂದು ನಬಿಲಾಲ ಸಿಡುಕಿದರು.

“ಟ್ಯೂಬು ತೂತಾಗೇತೋ ಇಲ್ಲೋ ಹೆಂಗ ನೋಡ್ತೀರಿ ಕಾಕಾ?”

“ನೀರಾಗ ಮುಳಗಸ್ತೇನಿ.”

“ಮುಳಗಸದನ ಪ್ಯಾಚ್ ಹಚ್ಚತೀರೇನು?”

ನಬಿಲಾಲ ಕೈಯಲ್ಲಿದ್ದ ಟ್ಯೂಬನ್ನು ಒಮ್ಮೆ ನೋಡಿದರು. ಇಷ್ಟು ದಿನದಲ್ಲಿ ಈ ಹುಡುಗಿ ತಿಳಿಯುವಂಥ ಮಾತಾಡಿದ್ದು ಇದೇ ಮೊದಲು ಎಂದುಕೊಂಡರು.

ಅಲ್ಲಿಂದ ಅವರು ಬೇರೆ ರೀತಿಯಲ್ಲಿ ಅಸಹನೀಯರಾದರು. ನೀರು ನಿಲ್ಲಿಸಿ, ಕೆಳಗಿನಿಂದ ಬ್ಯಾಟರಿ ದೀಪ ಹಿಡಿದು ಮೂರು ಕಡೆ ಜಿನುಗುವುದನ್ನು ತಾವೇ ಪತ್ತೆ ಮಾಡಿ ಸುಣ್ಣದಿಂದ ಸುತ್ತು ಹಾಕಿದರು. ನೀರು ಬೇವಿನ ಮರಕ್ಕೆ ಹರಿಯಿತು. ಸ್ಲ್ಯಾಬು ಒಣಗಿದ ಮೇಲೆ ಗೌಂಡಿ ಜೈನುದ್ದೀನ ಬಿರುಕು ತುಂಬಿ, ನೀರು ತಡೆಯುವ ಲೇಪ ಎರಡು ಸಲ ಹೊಡೆದ. ನಬಿಲಾಲ ಪಕ್ಕದಲ್ಲೇ ನಿಂತು ಅಂಚು ಬಿಟ್ಟೆ, ಮೂಲೆ ಬಿಟ್ಟೆ ಎಂದು ಜೀವ ತಿಂದರು. ಗೌಂಡಿ ನೀವೋ ನಾನೋ ಎಂದು ಒಮ್ಮೆ ಕರಣೆ ಕೆಳಗಿಟ್ಟೂ ನೋಡಿದ. ಮತ್ತೆ ನೀರು ನಿಲ್ಲಿಸಿದರು. ಈ ಸಲ ಒಂದು ಹನಿಯೂ ಇಳಿಯಲಿಲ್ಲ.

ಆಮೇಲೆ ಬೇರು ಇಳಿಯದಂತೆ ದಪ್ಪ ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ನೀರು ಹರಿದುಹೋಗಲು ಇಟ್ಟಿಗೆ ಚೂರು. ಮಣ್ಣು ಕೆಳಗಿಳಿಯದಂತೆ, ನೀರಷ್ಟೇ ಸೋಸುವ ಬಟ್ಟೆ. ಮೇಲೆ ತೆಂಗಿನ ನಾರಿನ ಪುಡಿ, ಹಳೆಯ ತಿಪ್ಪೆಗೊಬ್ಬರ, ಸ್ವಲ್ಪ ಕೆಂಪು ಮಣ್ಣು ಬೆರೆಸಿ ನಾಲ್ಕೇ ಇಂಚು. ಪೈಪಿನ ಬಾಯಿಗೆ ಜಾಲರಿ. ನೆಟ್ಟದ್ದು ನೆಲ ಹಿಡಿದು ಹಬ್ಬುವ, ಬಿಸಿಲಿಗೆ ಹೆದರದ ಗೋಣಿಸೊಪ್ಪು ಮತ್ತು ಹತ್ತು ಗಂಟೆ ಹೂವು. ಪೀರಬಿ ಅಕ್ಕಿ, ಬೇಳೆ ತೊಳೆದ ನೀರನ್ನು ಚೆಲ್ಲುವುದು ಬಿಟ್ಟು ಮೇಲಕ್ಕೆ ಹೊತ್ತರು; ಸಾಲದ ದಿನ ನಾಲ್ಕೈದು ಕೊಡ ಸೇರಿಸಿದರು. ಏಪ್ರಿಲ್ ಕೊನೆಗೆ ಸಿಮೆಂಟು ಕಾಣದಷ್ಟು ಹಸಿರು ಮುಚ್ಚಿತ್ತು.

ಆಗ ಸುಲ್ತಾನಾ ಬಂದರು, ಸೊಸೆಯನ್ನೂ ಕರೆದುಕೊಂಡು. ಮೊಮ್ಮಗುವಿನ ವಿಷಯ, ಫೋನಿನ ಮಾತು ನಂಬಲಾಗದು, ಕಣ್ಣಾರೆ ನೋಡಿ ಸಂಜೆಯ ಬಸ್ಸಿಗೇ ಇಬ್ಬರೂ ತಿರುಗುತ್ತೇವೆ ಎಂದು ಬಾಗಿಲಲ್ಲೇ ಹೇಳಿದರು. ನಾಜಿಮಾ ಒಂದು ಕೈಚೀಲವನ್ನೂ ತಂದಿರಲಿಲ್ಲ.

ಊಟವಾಯಿತು. ಹೊರಗೆ ಹೆದ್ದಾರಿಯ ಡಾಂಬರು ಮೆತ್ತಗಾಗುತ್ತಿದ್ದ ಹೊತ್ತು. ಸುಲ್ತಾನಾ ಕೋಣೆಯಲ್ಲಿ ಗೋಡೆ ಮುಟ್ಟಿ ನೋಡಿದರು. ಕಿಟಕಿ ಸಣ್ಣದಾಯಿತು ಎಂದರು. ಬಾಗಿಲು ಪಡುವಣಕ್ಕೆ ಇಡಬಾರದಿತ್ತು ಎಂದರು. ನಬಿಲಾಲ ಉತ್ತರ ಕೊಡಲು ಬಾಯಿ ತೆರೆದಾಗ ಪೀರಬಿ ಅವರ ಕಾಲು ತುಳಿದರು. ಸೊಂಟ ನೋಯುತ್ತದೆ ಎಂದು ಸುಲ್ತಾನಾ ಮಂಚದ ಮೇಲೆ ಹಾಗೇ ಒರಗಿ, ಸೊಳ್ಳೆಯ ಪರದೆಯ ಬಗ್ಗೆ ಏನೋ ತಪ್ಪು ತೆಗೆಯತೊಡಗಿದರು. ಆ ಮಾತು ಮುಗಿಯಲಿಲ್ಲ. ಗೊರಕೆ ಕೇಳಿಸಿತು.

ಇಳಿಹೊತ್ತಿನ ಅಸರ್ ಅಜಾನಿನವರೆಗೆ ಮನೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಎದ್ದ ಸುಲ್ತಾನಾ ಸೆರಗು ಸರಿ ಮಾಡಿಕೊಂಡು, ಯಾರ ಮುಖವನ್ನೂ ನೋಡದೆ, “ನಾಜಿಮಾನ ಬಟ್ಟಿ ನಾಳಿಗೆ ಬಸ್ಸಿನಾಗ ಕಳಸ್ತೇನಿ,” ಎಂದರು.

ಓದುಗರೇ, ನಿಮ್ಮದು ಇನ್ನೂ ಗಟ್ಟಿಯಿರುವ ಮಣ್ಣಿನ ಮಾಳಿಗೆಯಾಗಿದ್ದರೆ ದಯವಿಟ್ಟು ದೊಡ್ಡಸ್ತಿಕೆಗೆಂದು ಕೆಡವಬೇಡಿ. ಸ್ಲ್ಯಾಬು ಹಾಕಿಯಾಗಿದ್ದರೆ, ಮಳೆಗಾಲ ಮುಗಿದು ಅದು ಒಣಗಿದ ಮೇಲೆ ಒಬ್ಬ ಎಂಜಿನಿಯರನ್ನು ಕರೆದು ಭಾರ ತಡೆಯುತ್ತದೆಯೇ ಎಂದು ಕೇಳಿ. ತಡೆಯದು ಎಂದರೆ ಆಸೆ ಬಿಟ್ಟು, ಬಿಸಿಲು ತಿರುಗಿಸುವ ಬಿಳಿ ಬಣ್ಣವನ್ನಾದರೂ ಬಳಿಯಿರಿ. ತಡೆಯುತ್ತದೆ ಎಂದರೆ ನೀರು ನಿಲ್ಲಿಸಿ ನೋಡಿ, ಸೋರಿಕೆ ಮುಚ್ಚಿ, ಹಗುರ ಮಣ್ಣು ಹಾಕಿ, ನೆಲ ಹಬ್ಬುವ ಸಸಿ ನೆಡಿ. ಎರೆಮಣ್ಣು ಹೊಲದಲ್ಲೇ ಇರಲಿ. ಆಲ, ಅರಳಿ ಚಿಗುರಿದರೆ ಅಂದೇ ಕಿತ್ತುಹಾಕಿ. ನೀರು ಹೋಗುವ ದಾರಿಯನ್ನು ಮುಚ್ಚಬೇಡಿ. ಮುಖ್ಯವಾಗಿ, ತಿಳಿದವರು ಎರಡು ಸಲ ಹೇಳಿದ್ದನ್ನು ಒಂದು ಸಲವಾದರೂ ಪೂರ್ತಿ ಕೇಳಿಸಿಕೊಳ್ಳಿ.